ಫೌಸ್ಟಿನ್ ಹೇಳದೆ ಹೋದ ಹೆಸರು

ಮಸ್ಕತ್ತಿನ ಘಾಲಾದ ಗ್ಯಾರೇಜುಗಳಲ್ಲಿ ಫೌಸ್ಟಿನ್ ಮೊಂತೇರೊ ಎಂದರೆ ಒಳ್ಳೆಯ ಪೈಂಟರ್. ಗುದ್ದಿದ ಕಾರು ಅವನ ಕೈಗೆ ಬಂದು ಹೋದರೆ, ಗುದ್ದಿದ್ದು ಎಲ್ಲಿ ಎಂದು ಯಜಮಾನನೇ ಹುಡುಕಬೇಕಾಗಿತ್ತು. ಒಬ್ಬ ಹೆಂಗಸನ್ನು ಸುಟ್ಟು ಕೊಂದವನೂ ಅವನೇ. ಎರಡನ್ನೂ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವವರ ಮಾತು ಕೇಳಿ ಕೇಳಿ ಅವನ ಹೆಂಡತಿ ಕ್ಲೆಮೆಂಟಿನಾಳಿಗೆ ಸಾಕಾಗಿತ್ತು. ಅವಳಿಗೆ ಬೇಕಾಗಿದ್ದುದು ಒಂದೇ. ಸಾಯುವ ಮೊದಲು ಆ ಹೆಂಗಸಿನ ಹೆಸರು ಅವನ ಬಾಯಿಂದ ಒಮ್ಮೆ ಹೊರಡಬೇಕು.

ಫೌಸ್ಟಿನ್ ಶಿರ್ವದ ಕಡೆಯವನು. ಎಂಬತ್ತೆರಡನೇ ಇಸವಿಯಲ್ಲಿ ಮಸ್ಕತ್ತಿಗೆ ಬಂದ. ಕ್ಲೆಮೆಂಟಿನಾ ಅವನ ಹಿಂದಿನಿಂದ ಬಂದಳು, ಒಂದು ಮನೆಗೆ ಹೌಸ್‌ಮೇಡ್ ಆಗಿ. ಒಂದೇ ಊರಿನಲ್ಲಿದ್ದೂ ಗಂಡಹೆಂಡತಿ ಮುಖ ನೋಡುವುದು ಚರ್ಚಿನ ಶುಕ್ರವಾರದ ಪೂಜೆಯಲ್ಲಿ ಮಾತ್ರ. ಫೋರ್‌ಮ್ಯಾನ್ ಆದ ಮೇಲೆ ಅವನು ಅವಳನ್ನು ತನ್ನ ವೀಸಾಕ್ಕೆ ಹಾಕಿಸಿಕೊಂಡ. ವಾದಿ ಅದಾಯ್ ಎಂಬ ಬಡಾವಣೆಯ ಬೋಳು ಗುಡ್ಡದ ಬುಡದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲಿ ಮೂರು ಸಲ ಬಸಿರು ನಿಂತಿತು, ಮೂರು ಸಲ ಜಾರಿತು. ಮೂರನೆಯದು ಐದು ತಿಂಗಳದ್ದು. ಟ್ಯಾಕ್ಸಿ ಬರುವಷ್ಟು ಹೊತ್ತು ಇರಲಿಲ್ಲ. ಫೌಸ್ಟಿನನೇ ಟವೆಲಿನಲ್ಲಿ ಹಿಡಿದುಕೊಂಡ.

"ಬೆರಳು ಉಂಟು ಕ್ಲೆಮೆಂಟಿನಾ," ಎಂದ. "ಉಗುರೂ ಉಂಟು."

ಅದಾದ ಮೇಲೆ ಅವನು ಕುಡಿಯುವುದನ್ನು ಬಿಟ್ಟ. ನೆರೆಯವರು ಹೆಂಡತಿಯ ಪುಣ್ಯ ಎಂದರು. ಪುಣ್ಯವೇನೂ ಇರಲಿಲ್ಲ. ಕುಡಿಯುತ್ತಿದ್ದಾಗ ಮಲಗುತ್ತಿದ್ದ. ಬಿಟ್ಟ ಮೇಲೆ ಕುಳಿತೇ ಇರುತ್ತಿದ್ದ.

ಪಾಸ್ಕಲ್ ಎಂಬವನೊಬ್ಬ, ಕಂಪೆನಿಯೊಂದರ ಸ್ಟೋರ್‌ಕೀಪರ್, ಮನೆಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸುತ್ತಿದ್ದ. ಫೌಸ್ಟಿನ್ ಅಲ್ಲಿಗೆ ಹೋಗತೊಡಗಿದ. ಆಲಿಸ್ ಎಂಬ ನರ್ಸಿನ ಸುದ್ದಿ ಅವನಿಗೆ ಸಿಕ್ಕಿದ್ದು ಅಲ್ಲೇ. ಆಲಿಸ್ ಕೆಲಸ ಬಿಟ್ಟು ವಾದಿ ಅದಾಯ್‌ಯಲ್ಲೇ ಹೆಂಗಸರ ಟೈಲರಿಂಗ್ ಅಂಗಡಿ ಇಟ್ಟಿದ್ದಳು. ಮುಂದೆ ರವಿಕೆ ಹೊಲಿಗೆ. ಹಿಂದಿನ ಕೋಣೆಯಲ್ಲಿ, ಬೇಡದ ಬಸಿರು ಬಂದವರಿಗೆ ತೆಗೆದುಕೊಡುತ್ತಿದ್ದಳು.

"ನಮ್ಮ ಇಗರ್ಜಿಯಲ್ಲೇ ಕಮ್ಯುನಿಯನ್ ತಗೊಳ್ತಾಳೆ ಅವಳು," ಎಂದು ಫೌಸ್ಟಿನ್ ಊಟದ ಮುಂದೆ ಕೂತು ಹೇಳಿದ. "ನನ್ನ ಮುಂದಿನ ಸಾಲಿನಲ್ಲಿ! ಅದೇ ಕೈ ಜೋಡಿಸಿಕೊಂಡು!"

"ಮೀನು ತಣ್ಣಗಾಗ್ತದೆ. ಊರ ಉಸಾಬರಿ ನಿಮಗೆ ಎಂತಕ್ಕೆ?"

"ನಮಗೊಂದು ಕೊಡು ಅಂತ ಬೇಡಿದ್ರೆ ದೇವರು ಕೊಡ್ಲಿಲ್ಲ. ಇವರು ಕೊಟ್ಟದ್ದನ್ನು ಬಕೇಟಿಗೆ ಹಾಕ್ತಾರೆ."

"ಹಾಕುವವರು ಖುಷಿಯಲ್ಲಿ ಹಾಕ್ತಾರಾ? ಮನೆಗೆಲಸ ಮಾಡಿದವಳು ನಾನು, ನನಗೆ ಗೊತ್ತುಂಟು. ಹೊಟ್ಟೆ ಕಂಡ್ರೆ ಮೊದಲು ಜೈಲು, ಆಮೇಲೆ ವಿಮಾನ. ಮಾಡಿದವ ಯಾರು ಅಂತ ಒಬ್ಬನಾದ್ರೂ ಕೇಳ್ತಾನಾ?"

"ಓ, ಬಂದ್ಲು ವಕೀಲಮ್ಮ," ಎಂದು ಅವನು ತಟ್ಟೆ ಸರಿಸಿದ.

ಆಮೇಲೆ ಅವನು ಕೆಲಸ ಬಿಟ್ಟು ಬರುವಾಗ ದಿನಾಲೂ ಆ ಅಂಗಡಿಯ ಎದುರು ನಿಲ್ಲತೊಡಗಿದ. ಕೈಯಲ್ಲಿ ಜಪಮಾಲೆ. ಒಳಗೆ ಹೋಗುವ ಹೆಂಗಸರಿಗೆ ಕೇಳುವ ಹಾಗೆ ಜಪ ಹೇಳುತ್ತಿದ್ದ. ರವಿಕೆ ಹೊಲಿಸಲು ಬಂದವರೂ ಹೆದರಿ ತಿರುಗುತ್ತಿದ್ದರು. ಆಲಿಸ್ ಒಂದು ದಿನ ಹೊರಗೆ ಬಂದು, "ಪಾಂಟಿಗೆ ಅಳತೆ ಕೊಡ್ಲಿಕ್ಕೆ ಬಂದದ್ದಾ ಅಣ್ಣ? ಗಂಡಸರದ್ದು ನಾನು ಹೊಲಿಯುವುದಿಲ್ಲ," ಎಂದಳಂತೆ. ಬೀದಿಯವರು ನಕ್ಕರು. ಅವನು ನಗಲಿಲ್ಲ.

ರೋಸಲಿಂಡ್ ಅವನ ಊರಿನವಳೇ. ರೂವಿಯ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಅವಳು ಆಲಿಸಳ ಹಿಂದಿನ ಬಾಗಿಲಿನಿಂದ ಗೋಡೆ ಹಿಡಿದುಕೊಂಡು ಹೊರಬಂದದ್ದನ್ನು ಫೌಸ್ಟಿನ್ ನೋಡಿದ. ಅವಳ ಕಫೀಲನಿಗೆ, ಎಂದರೆ ವೀಸಾ ಕೊಟ್ಟ ಯಜಮಾನನಿಗೆ, ಫೋನು ಮಾಡಿದ. ರೋಸಲಿಂಡ್ ಜೈಲಿಗೆ ಹೋದಳು, ಅಲ್ಲಿಂದ ನೇರ ಊರಿಗೆ. ತೆಗೆದುಕೊಟ್ಟವರು ಯಾರೆಂದು ಅವಳು ಬಾಯಿಬಿಡಲಿಲ್ಲ. ಕೂಟದಲ್ಲಿ ಪಾಸ್ಕಲ್ ಅವನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದ. ರೋಸಲಿಂಡಳ ತಾಯಿ ಆ ವರ್ಷ ಚರ್ಚಿನ ಹಬ್ಬಕ್ಕೂ ಹೊರಗೆ ಬರಲಿಲ್ಲ ಎಂದು ಊರಿನಿಂದ ಬಂದವರು ಹೇಳಿದರು. ಕ್ಲೆಮೆಂಟಿನಾ ಅದನ್ನು ಗಂಡನಿಗೆ ತಿಳಿಸಿದಳು. "ಬರ್ಲಿಲ್ಲಾಂದ್ರೆ ಬಿಡ್ಲಿ," ಎಂದ. ಮತ್ತೊಂದು ಸಲ ಗ್ಯಾರೇಜಿನಿಂದ ಬಣ್ಣ ಕರಗಿಸುವ ಎಣ್ಣೆ ತಂದು ಆಲಿಸಳ ಕಾರಿನ ಮೇಲೆ ಸುರಿದ. ಬಣ್ಣ ಹುಣ್ಣಿನ ಹಾಗೆ ಎದ್ದು ಬಂತು. ಒಳ್ಳೆಯ ಪೈಂಟರನಾದವನು ಕಾರಿಗೆ ಹೀಗೆ ಮಾಡಬಲ್ಲನೇ ಎಂದು ಯಾರೂ ಅವನ ಮೇಲೆ ಸಂಶಯಪಡಲಿಲ್ಲ.

ಮಸ್ಕತ್ತಿನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳಿಗೆ ರಜೆ. ಊಟ, ನಿದ್ದೆ. ಬೇಸಗೆಯಲ್ಲಿ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಶಟರ್ ಇಳಿದಿದ್ದರೆ ಒಳಗೆ ಯಾರೂ ಇಲ್ಲ ಎಂದೇ ಲೆಕ್ಕ. ಫೌಸ್ಟಿನನದ್ದೂ ಅದೇ ಲೆಕ್ಕ. ಅವನು ಆ ಅಂಗಡಿಯನ್ನು ಕಾದದ್ದೆಲ್ಲ ಸಂಜೆ. ಮಧ್ಯಾಹ್ನ ಅವನು ಘಾಲಾದಲ್ಲಿ ಕಾರಿನ ಕೆಳಗೆ ರಟ್ಟು ಹಾಸಿಕೊಂಡು ಮಲಗಿರುತ್ತಿದ್ದ. ಮನೆಗೆಲಸದ ಹೆಂಗಸಿಗೆ ಹೊರಗೆ ಕಾಲಿಡಲು ಸಿಗುವುದು ಮೇಡಂ ಮಲಗುವ ಆ ಹೊತ್ತು ಮಾತ್ರ. ಆಲಿಸಳ ನಿಜವಾದ ಕೆಲಸ ನಡೆಯುತ್ತಿದ್ದುದು ಶಟರ್ ಇಳಿಸಿದ ಮೇಲೆ. ರೋಸಲಿಂಡ್ ಅವನ ಕಣ್ಣಿಗೆ ಬಿದ್ದದ್ದು ಸಂಜೆಯವರೆಗೆ ಏಳಲಾಗದೆ ಉಳಿದದ್ದರಿಂದ. ಮಸ್ಕತ್ತಿನ ಯಾವ ಹೌಸ್‌ಮೇಡನ್ನು ಕೇಳಿದ್ದರೂ ಹೇಳುತ್ತಿದ್ದಳು. ಅವನ ಮನೆಯಲ್ಲೇ ಒಬ್ಬಳಿದ್ದಳು. ಅವನು ಕೇಳಲಿಲ್ಲ.

ತೊಂಬತ್ತೊಂದರ ಜೂನ್. ಅವನು ಮಧ್ಯಾಹ್ನವೇ ಮನೆಗೆ ಬಂದ. ಮೈಯೆಲ್ಲ ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ. ಆ ವಾಸನೆ ಅವನಿಗೆ ಯಾವಾಗಲೂ ಇತ್ತು, ಕ್ಲೆಮೆಂಟಿನಾ ತಲೆ ಎತ್ತಲಿಲ್ಲ.

"ಖಲಾಸ್," ಎಂದ. "ಅವಳ ಅಂಗಡಿ ಸುಟ್ಟುಬಂದೆ. ಇನ್ನು ಅಲ್ಲಿ ಯಾವ ಮಗುವೂ ಸಾಯುವುದಿಲ್ಲ."

ಶಟರ್‌ನ ಅಡಿಯಿಂದ ಥಿನ್ನರ್ ಸುರಿದು ಬೆಂಕಿ ಕಡ್ಡಿ ಗೀರಿದ್ದ. ಒಳಗೆ ಬಟ್ಟೆಯ ರಾಶಿ. ಹೇಳಿ ಮುಗಿಸಿ ಅವನು ಮಲಗಿದ. ಎಷ್ಟೋ ಕಾಲದ ಮೇಲೆ ಗೊರಕೆ ಹೊಡೆದ. ಅವಳು ಬಾಗಿಲಲ್ಲಿ ನಿಂತಳು. ಸ್ವಲ್ಪ ಹೊತ್ತಿನಲ್ಲಿ ಬೀದಿಯವರು ಓಡುವುದು ಕಾಣಿಸಿತು. ಆಲಿಸ್ ಹಿಂದಿನ ಬಾಗಿಲಿನಿಂದ ಹೊರಬಿದ್ದಿದ್ದಳು, ಎರಡೂ ಕೈ ಬೆಂದಿದ್ದವು. ಒಳಗೆ ಇನ್ನೊಬ್ಬಳಿದ್ದಾಳೆ, ಸೂಜಿ ಕೊಟ್ಟು ಮಲಗಿಸಿದ್ದೇನೆ, ಏಳುವುದಿಲ್ಲ ಎಂದು ಕೂಗುತ್ತಿದ್ದಳು.

ಒಳಗಿದ್ದವಳು ಸ್ವರ್ಣಲತಾ. ಕಾಪುವಿನ ಕಡೆಯವಳು. ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ನಾಲ್ಕು ತಿಂಗಳಿತ್ತು. ಆಲಿಸ್ ಇನ್ನೂ ಕೈ ಹಚ್ಚಿರಲಿಲ್ಲ. ತಾಯಿಯೂ ಮಗುವೂ ಒಟ್ಟಿಗೇ ಹೋಗಿದ್ದರು.

ದಿನಾ ಅಂಗಡಿಯ ಎದುರು ನಿಲ್ಲುತ್ತಿದ್ದವನು ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಫೌಸ್ಟಿನನನ್ನು ಪೊಲೀಸರು ಹಾಸಿಗೆಯಿಂದ ಎಬ್ಬಿಸಿ ಕರೆದುಕೊಂಡು ಹೋದರು. ಉಳ್ಳಾಲದ ಶಾಹುಲ್ ಹಮೀದ್ ಪೊಲೀಸರಿಗೆ ಭಾಷೆ ಬಿಡಿಸಿ ಹೇಳುವವನು. ನಾಲ್ಕು ತಿಂಗಳ ಮಾತನ್ನು ಫೌಸ್ಟಿನನಿಗೆ ಹೇಳಬೇಕಾದದ್ದು ಅವನೇ. ಕೇಳಿ ಫೌಸ್ಟಿನ್ ಗೋಡೆಗೆ ತಲೆ ಜಜ್ಜಿಕೊಂಡನಂತೆ. "ಮಗು, ಮಗು ಅಂತ ಕಿರುಚಿದ್ರು ಅಕ್ಕ," ಎಂದು ಶಾಹುಲ್ ಹಮೀದ್ ಆಮೇಲೆ ಕ್ಲೆಮೆಂಟಿನಾಳಿಗೆ ಹೇಳಿದ.

"ಹೆಂಗಸಿನ ವಿಷಯ ಎಂತ ಹೇಳಿದ್ರು?"

ಶಾಹುಲ್ ಹಮೀದ್ ಸ್ವಲ್ಪ ಯೋಚಿಸಿದ. "ಎಂತ ಹೇಳ್ಲಿಲ್ಲ."

ಆಲಿಸಳಿಗೂ ಜೈಲಾಯಿತು, ಆಮೇಲೆ ಊರಿಗೆ ಅಟ್ಟಿದರು. ಫೌಸ್ಟಿನನಿಗೆ ಹದಿನೈದು ವರ್ಷ. ಸತ್ತವಳ ಮನೆಯವರು ಕ್ಷಮಿಸಿದರೆ ಶಿಕ್ಷೆ ಇಳಿಯುತ್ತದೆ, ಇಲ್ಲಿಯ ಪದ್ಧತಿ ಹಾಗೆ ಎಂದು ಶಾಹುಲ್ ಹಮೀದನೇ ಹೇಳಿಕೊಟ್ಟ. ಸ್ವರ್ಣಲತಾಳ ಅಕ್ಕ ದಮಯಂತಿ ಮಸ್ಕತ್ತಿನಲ್ಲೇ ಒಂದು ಶಾಲೆಯಲ್ಲಿ ಆಯಾ. ಕ್ಲೆಮೆಂಟಿನಾ ಹುಡುಕಿಕೊಂಡು ಹೋದಳು.

"ಯಾರು ಬಾಯಮ್ಮ ನೀವು?" ಎಂದು ದಮಯಂತಿ ಬಾಗಿಲನ್ನು ಅರ್ಧ ತೆರೆದು ಕೇಳಿದಳು.

"ಸುಟ್ಟವನ ಹೆಂಡತಿ."

ದಮಯಂತಿ ಬಯ್ಯಲಿಲ್ಲ. ಅವಳ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅದನ್ನು ಹಿಂಡುತ್ತಲೇ ನಿಂತಳು.

"ಕ್ಷಮಿಸು ಅಂತ ಬಂದದ್ದಾ?"

"ಹೌದು."

"ನೀವು ಕೇಳಿದ್ರೆ ನಾನು ಯಾರನ್ನು ಕ್ಷಮಿಸುವುದು? ನಿಮ್ಮನ್ನಾ? ನೀವು ಎಂತ ಮಾಡಿದ್ದೀರಿ? ನಿಮ್ಮ ಗಂಡ, ಆ ಪೊರ್ಬುಗಳೇ ಹೇಳ್ಲಿ. ಸ್ವರ್ಣಲತಾ, ನಿನ್ನನ್ನು ಕೊಂದದ್ದು ತಪ್ಪಾಯ್ತು ಅಂತ ಅವಳ ಹೆಸರು ಹಿಡಿದು ನನ್ನೆದುರು ಹೇಳ್ಲಿ. ಮತ್ತೆ ಎಲ್ಲಿ ಬೇಕೋ ಅಲ್ಲಿ ಹೆಬ್ಬೆಟ್ಟು ಒತ್ತುತ್ತೇನೆ."

ಇಷ್ಟು ಸಣ್ಣ ಮಾತು ಎಂದು ಕ್ಲೆಮೆಂಟಿನಾ ಸಂತೋಷದಿಂದ ಮನೆಗೆ ಬಂದಳು.

ಶಾಹುಲ್ ಹಮೀದ್ ಅವರಿವರನ್ನು ಹಿಡಿದು ಇಬ್ಬರಿಗೂ ಅನುಮತಿ ಮಾಡಿಸಿದ. ಜೈಲು ಊರ ಹೊರಗೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ದಾರಿಯಲ್ಲಿ ದಮಯಂತಿ ಕಿತ್ತಳೆ ಸುಲಿದು ಅರ್ಧ ಕೊಟ್ಟಳು.

ಜಾಲರಿಯ ಆಚೆ ಫೌಸ್ಟಿನ್ ಸೊರಗಿದ್ದ. ಕುತ್ತಿಗೆಯಲ್ಲಿ ಜಪಮಾಲೆ. ಕ್ಲೆಮೆಂಟಿನಾ ಮೊದಲೇ ಹೇಳಿಕಳಿಸಿದ್ದಳು, ಅವನಿಗೆ ಎಲ್ಲ ಗೊತ್ತಿತ್ತು.

"ಮಗುವಿಗಾಗಿ ನಾನು ದಿನಾ ಪ್ರಾರ್ಥನೆ ಮಾಡ್ತೇನೆ," ಎಂದ. "ಉಪವಾಸ ಹಿಡಿದಿದ್ದೇನೆ. ಮಗುವಿನ ಸಾವು ನನ್ನ ಮೇಲಿದೆ. ಅದನ್ನು ಒಪ್ತೇನೆ."

"ನನ್ನ ತಂಗಿ?" ಎಂದಳು ದಮಯಂತಿ.

ಅವನು ಕೆಳಗೆ ನೋಡಿದ.

"ಹೇಳಿ," ಎಂದಳು ಕ್ಲೆಮೆಂಟಿನಾ. "ಒಂದು ಹೆಸರು. ಹೇಳಿದ್ರೆ ನಿಮ್ಮ ನಾಲಿಗೆ ಸವೆದು ಹೋಗ್ತದಾ?"

"ಅವಳೇ ಅಲ್ವಾ ಅದನ್ನು ಅಲ್ಲಿಗೆ ತಂದದ್ದು? ಕೊಲ್ಲಿಸ್ಲಿಕ್ಕೆ ತಂದದ್ದು. ಅವಳಿಗೆ ನಾನು ತಪ್ಪಾಯ್ತು ಅಂತ ಹೇಳಿದ್ರೆ, ನಾನು ಮಾಡಿದ್ದೆಲ್ಲ ಎಂತಕ್ಕೆ?"

"ಅದೇ ನಾನೂ ಕೇಳುವುದು," ಎಂದಳು ಕ್ಲೆಮೆಂಟಿನಾ. "ಎಂತಕ್ಕೆ?"

ದಮಯಂತಿ ಸೆರಗು ಹೊದ್ದು ಎದ್ದಳು. ಕ್ಲೆಮೆಂಟಿನಾಳ ಭುಜ ಮುಟ್ಟಿದಳು.

"ಬನ್ನಿ ಬಾಯಮ್ಮ, ಬಸ್ಸು ಹೋಗ್ತದೆ."

ಕ್ಲೆಮೆಂಟಿನಾ ಊರಿಗೆ ಹೋಗಲಿಲ್ಲ. ಗಂಡನ ವೀಸಾ ಮುಗಿದಿತ್ತು. ಮತ್ತೆ ಹೌಸ್‌ಮೇಡ್ ಆಗಿ ಒಂದು ಮನೆ ಸೇರಿದಳು. ಮೇಡಂ ಮಲಗಿದಾಗ ಜೈಲಿಗೆ ಹೋಗುವ ಬಸ್ಸು ಹಿಡಿಯುತ್ತಿದ್ದಳು. ಪ್ರತಿ ಸಲವೂ ಕೇಳಿದಳು. ಒಮ್ಮೆ ಅತ್ತಳು, ಒಮ್ಮೆ ಬೈದಳು. ಒಂದು ವರ್ಷ ಹೋಗುವುದನ್ನೇ ಬಿಟ್ಟಳು, ಆಮೇಲೆ ಮತ್ತೆ ಹೋದಳು. ಅವನು ಊಟ ಮಾಡಿದಿಯಾ ಎಂದು ಕೇಳುತ್ತಿದ್ದ, ಕಾಲುನೋವು ಹೇಗಿದೆ ಎಂದು ಕೇಳುತ್ತಿದ್ದ. ಒಳ್ಳೆಯ ಗಂಡನ ಹಾಗೆಯೇ ಇದ್ದ. ಅದೊಂದನ್ನು ಮಾತ್ರ ಹೇಳಲಿಲ್ಲ. ತೊಂಬತ್ತಾರರಲ್ಲಿ ಅವನ ಕಣ್ಣು ಹಳದಿಯಾಯಿತು. ಲಿವರ್ ಹೋಗಿದೆ ಎಂದರು. ಆಸ್ಪತ್ರೆಯ ಮಂಚದಲ್ಲಿ ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಅವಳು ಕುಳಿತಳು. "ನೀರು" ಎಂದ. ಕೊಟ್ಟಳು. "ಕ್ಲೆಮೆಂಟಿನಾ" ಎಂದ. ಅವಳು ಕಾದಳು. ಅಷ್ಟೇ.

ಹೆಣವನ್ನು ಅಲ್ಲೇ ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪಾಸ್ಕಲ್ ಕೂಟದವರನ್ನು ಕರೆದುಕೊಂಡು ಬಂದಿದ್ದ. ಮರದ ಶಿಲುಬೆಯನ್ನೂ ತಂದಿದ್ದ. ಅದರ ಮೇಲೆ ಬಿಳಿ ಬಣ್ಣದಲ್ಲಿ "ಹುಟ್ಟದ ಮಕ್ಕಳಿಗಾಗಿ ಪ್ರಾಣ ಕೊಟ್ಟವನು" ಎಂದು ಬರೆಸಿದ್ದ.

"ಇದನ್ನು ಅಳಿಸಿ," ಎಂದಳು ಕ್ಲೆಮೆಂಟಿನಾ.

"ಕ್ಲೆಮೆಂಟಿನಾ ಬಾಯಿ, ದುಃಖದಲ್ಲಿ ಹೇಳ್ತಿದ್ದೀರಿ. ನಿಮ್ಮ ಗಂಡ ಹುತಾತ್ಮ."

"ನನ್ನ ಗಂಡ ಪೈಂಟರ್. ಪ್ರಾಣ ಕೊಟ್ಟದ್ದಲ್ಲ, ತೆಗೆದದ್ದು. ನಿಮ್ಮ ಕೂಟದಲ್ಲಿ ಒಂದು ದಿನವಾದ್ರೂ ಸ್ವರ್ಣಲತಾ ಅಂತ ಯಾರಾದ್ರೂ ಹೇಳಿದ್ದುಂಟಾ? ಅಳಿಸಿ, ಇಲ್ಲಾಂದ್ರೆ ನಾನೇ ಕೆರೀತೇನೆ."

ಪಾಸ್ಕಲ್ ಪಾದ್ರಿಯ ಮುಖ ನೋಡಿದ. ಪಾದ್ರಿ ಅಳಿಸಿ ಎಂಬಂತೆ ತಲೆ ಆಡಿಸಿದರು. ಫೌಸ್ಟಿನನ ಹೆಸರೂ ಇಸವಿಯೂ ಉಳಿದವು. ಉಳಿದದ್ದನ್ನು ಒಬ್ಬ ಬ್ಲೇಡಿನಿಂದ ಕೆರೆದ. ಕ್ಲೆಮೆಂಟಿನಾ ಮೊದಲ ಹಿಡಿ ಮಣ್ಣು ಹಾಕಿದಳು. ಅಳು ಆಗ ಬಂತು. ಅವನು ಕೆಟ್ಟ ಗಂಡನಾಗಿದ್ದರೆ ಇಷ್ಟು ಅಳಬೇಕಾಗಿರಲಿಲ್ಲ.

ಅಲ್ಲಿಂದ ಅವಳು ದಮಯಂತಿಯ ಕೋಣೆಗೆ ಹೋದಳು. ಕಪ್ಪು ಸೀರೆಯಲ್ಲೇ ಹೋದಳು. ದಮಯಂತಿಗೆ ನೋಡಿದ ಕೂಡಲೇ ತಿಳಿಯಿತು.

"ಹೇಳಿದ್ರಾ ಕೊನೆಗೆ?"

ಹೌದು ಎನ್ನಬಹುದಿತ್ತು. ಸುಳ್ಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇಲ್ಲ," ಎಂದಳು ಕ್ಲೆಮೆಂಟಿನಾ.

"ಹಾಗಾದ್ರೆ ನಾನು ಕ್ಷಮಿಸ್ಲಿಕ್ಕೂ ಯಾರೂ ಉಳೀಲಿಲ್ಲ," ಎಂದಳು ದಮಯಂತಿ. ಒಳಗೆ ಕರೆಯಲಿಲ್ಲ. ಬಾಗಿಲನ್ನು ಹಾಕಲೂ ಇಲ್ಲ. ಕ್ಲೆಮೆಂಟಿನಾಳಿಗೆ ಕಾಲು ನೋಯುತ್ತಿತ್ತು. ಅವಳು ಹೊಸ್ತಿಲ ಹೊರಗಿನ ಮೆಟ್ಟಿಲಲ್ಲಿ ಕುಳಿತಳು. ಯಾರೂ ಏಳು ಎನ್ನಲಿಲ್ಲ.