ರಾಗ್ನಾ ಅತ್ತೆಯ ಮೂರನೇ ‘ಬೇಡ’

ನಮ್ಮ ನೂರ್‌ಡಾಲ್ ಊರಿನಲ್ಲಿ ಕಾಫಿ ಬೇಕೇ ಎಂದು ಕೇಳಿದರೆ ಮೊದಲ ಸಲ ‘ಅಯ್ಯೋ ಬೇಡ’ ಎನ್ನಬೇಕು. ಎರಡನೇ ಸಲ ‘ನಿಮಗೇಕೆ ತೊಂದರೆ’ ಎನ್ನಬೇಕು. ಮೂರನೇ ಸಲ ‘ಹಾಗಾದರೆ ಅರ್ಧ ಬಟ್ಟಲು’ ಎಂದು ಹೇಳಿ ತುಂಬಿದ ಬಟ್ಟಲನ್ನೇ ಕುಡಿಯಬೇಕು. ಮೊದಲ ಸಲಕ್ಕೇ ಒಪ್ಪಿದವನು ಸ್ವೀಡನ್ನಿನ ಕಡೆಯವನಿರಬೇಕು ಎಂದು ನಾವು ನಾರ್ವೆ ಮೂಲದವರು ಹಿಂದಿನಿಂದ ನಗುತ್ತೇವೆ. ಅಮೆರಿಕದ ಮಿನ್ನೆಸೋಟದ ಈ ಗೋಧಿ ಬಯಲಿನಲ್ಲಿ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಚೆನ್ನಾಗಿಲ್ಲ ಎನ್ನುವುದಕ್ಕೂ ನಾವು ‘ಬೇರೆ ಥರ ಇದೆ’ ಎನ್ನುತ್ತೇವೆ.

ನನ್ನ ಅತ್ತೆ ರಾಗ್ನಾ, ಅಂದರೆ ನನ್ನ ಅಪ್ಪನ ಅಕ್ಕ, ಈ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದವಳು. ಮದುವೆಗೂ ಅವಳು ಒಪ್ಪಿದ್ದು ಮೂರನೇ ಸಲಕ್ಕೆ. ಮೊದಲೆರಡು ಸಲ ಬರಿಗೈಯಲ್ಲಿ ಹಿಂದಿರುಗಿದ ಮಾವ ಮೂರನೇ ಸಲ ಬರುವಾಗ ಬಟ್ಟೆಬರೆ ಗಂಟು ಕಟ್ಟಿಕೊಂಡೇ ಬಂದಿದ್ದನಂತೆ. ಆದರೆ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಮಾತ್ರ ಅವಳ ನಾಲಿಗೆಗೆ ಲಗಾಮು ಇರಲಿಲ್ಲ. ಹಬ್ಬಕ್ಕೆ ಲೆಫ್ಸೆ, ಅಂದರೆ ಆಲೂಗಡ್ಡೆಯ ತೆಳು ರೊಟ್ಟಿ, ಲಟ್ಟಿಸುವಾಗ ನನ್ನದು ದಪ್ಪವಾದರೆ ಎಲ್ಲರೆದುರು ಎತ್ತಿ ಹಿಡಿಯುತ್ತಿದ್ದಳು. “ಆರ್ಡಿಸ್, ಇದು ತಿನ್ನೋಕಾ, ಬೂಟಿನ ಅಡಿಗೆ ಹೊಡಿಸೋಕಾ?”

ಲಟ್ಟಣಿಗೆ ಹಿಡಿದಾಗ ಅವಳ ಬಲಗೈಯ ಹೆಬ್ಬೆರಳು ಕೊಕ್ಕೆಯ ಹಾಗೆ ಹೊರಗೆ ಚಾಚಿಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ನಾನು ಕೇಳಿದ್ದೆ. “ಬೆರಳಿಗೆ ಏನಾಯ್ತತ್ತೆ?”

“ಕೆಲಸ ಆಯ್ತು,” ಎಂದಿದ್ದಳು. ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಹೊರಡಲಿಲ್ಲ.

ಅತ್ತೆಯ ಹೊಲದ ತಗ್ಗಿನಲ್ಲಿ, ಜೌಗಿನ ಪಕ್ಕ, ಮಲಗಿದ ಹಸುವಿನಷ್ಟು ದೊಡ್ಡ ಬಂಡೆಯೊಂದಿದೆ. ಅದರ ನೆತ್ತಿಯಲ್ಲಿ ಒಂದು ತೂತು. ನನ್ನ ಅಜ್ಜ, ಅಂದರೆ ಅತ್ತೆಯ ಅಪ್ಪ, ಟೋರ್ಕೆಲ್ ಆ ಬಂಡೆಯನ್ನು ತೆಗೆಯದೆ, ಸಾಯುವವರೆಗೂ ಅದನ್ನು ಸುತ್ತಿಯೇ ಉತ್ತವನು. ಒಳ್ಳೆಯ ಕಪ್ಪುಮಣ್ಣಿನ ನಡುವೆ ಕಲ್ಲು ಬಿಡುವುದೆಂದರೆ ನಮ್ಮವರಲ್ಲಿ ಅದಕ್ಕಿಂತ ದೊಡ್ಡ ನಾಚಿಕೆಗೇಡಿಲ್ಲ. ಪಕ್ಕದ ಹೊಲದ ಹಾಲ್ವೋರ್ ಬೇಲಿಯಾಚೆ ನಿಂತು, “ಟೋರ್ಕೆಲ್, ಪ್ರದಕ್ಷಿಣೆ ಮುಗೀತಾ?” ಎಂದು ಕೂಗುತ್ತಿದ್ದನಂತೆ. ‘ಸೋಮಾರಿ ಟೋರ್ಕೆಲ್’ ಎಂಬ ಹೆಸರು ಅಜ್ಜನ ಜೊತೆ ಗೋರಿಯವರೆಗೂ ಹೋಯಿತು. ಯಾರಾದರೂ ಆ ಹೆಸರು ಎತ್ತಿದರೆ ಅತ್ತೆ ಎದ್ದು ಹೋಗಿಬಿಡುತ್ತಿದ್ದಳು.

ಆ ಹಾಲ್ವೋರನ ಮಗನೇ ಸೆಲ್ಮರ್. ಊರಿನಲ್ಲಿ ಮೊಳೆ, ಬಣ್ಣ, ಹಗ್ಗ ಮಾರುವ ಅಂಗಡಿ ಅವನದು. ಸೆಲ್ಮರನನ್ನು ಬರೀ ಹುಚ್ಚ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವನು ಶಾಲೆಗೆ ಸೇರಿದಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಈ ದೇಶಕ್ಕೆ ಮೊದಲು ಬಂದವರು ಯಾರು ಎಂದು ಟೀಚರ್ ಕೇಳಿದಾಗ, ಮನೆಯಲ್ಲಿ ಕೇಳಿದ್ದ ಕಥೆ ನೆನಪಾಗಿ ‘ನಮ್ಮವರು’ ಎಂದು ನಾರ್ವೆಯ ಭಾಷೆಯಲ್ಲೇ ಹೇಳಿದ. ಕೊಲಂಬಸ್ ಎನ್ನುವವರೆಗೆ ಅವನನ್ನು ಮೂಲೆಯಲ್ಲಿ ನಿಲ್ಲಿಸಿದರು. ಅವನು ಅನ್ನಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೂ ನಿಂತೇ ಇದ್ದ. ಒಂದು ಲೆಕ್ಕದಲ್ಲಿ ಅವನು ಆ ಮೂಲೆಯಿಂದ ಹೊರಗೆ ಬರಲೇ ಇಲ್ಲ.

ದೊಡ್ಡವನಾದ ಮೇಲೆ ಕೊಲಂಬಸ್‌ಗಿಂತ ಮೊದಲೇ ಇಲ್ಲಿಗೆ ಬಂದಿದ್ದರೆನ್ನುವ ನಾರ್ವೆಯ ಹಳೆಯ ನಾವಿಕರು, ವೈಕಿಂಗರು; ಕಂಡಕಂಡಲ್ಲಿ ಅವರ ಗುರುತು ಹುಡುಕಿದ. ಜೌಗಿನಲ್ಲಿ ಸಿಕ್ಕ ತುಕ್ಕು ಹಿಡಿದ ಕೊಡಲಿಯೊಂದನ್ನು ಯುದ್ಧದ ಆಯುಧವೆಂದು ಅಂಗಡಿಯಲ್ಲಿ ತೂಗುಹಾಕಿದ. ರಾಜಧಾನಿ ಸೇಂಟ್ ಪಾಲ್ ಕಡೆಯಿಂದ ಬಂದ ಪ್ರೊಫೆಸರೊಬ್ಬರು ನೋಡಿ, ಇದು ಹೊಗೆಸೊಪ್ಪು ಕತ್ತರಿಸುವ ಕತ್ತಿ ಎಂದು ನಕ್ಕರು.

“ವೈಕಿಂಗರು ಹೊಗೆಸೊಪ್ಪು ಹಾಕ್ತಿರಲಿಲ್ಲ ಅಂತ ನೀವು ನೋಡಿದ್ರಾ?” ಎಂದ ಸೆಲ್ಮರ್. ಊರೆಲ್ಲ ಅವನ ಪರವಾಗಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಹೊಲ ಉಳುವವರನ್ನು ಪೆದ್ದರೆಂದು ನೋಡುವ ಆ ನಗು ಯಾರಿಗೆ ತಾನೇ ಹಿಡಿಸುತ್ತದೆ?

ಕೊನೆಗೆ ಸೆಲ್ಮರನ ಕಣ್ಣು ಅತ್ತೆಯ ಬಂಡೆಯ ಮೇಲೆ ಬಿತ್ತು. ತೂತು ದುಂಡಗಿಲ್ಲ, ಮೂರು ಮೂಲೆಯಾಗಿದೆ. ಇದು ವೈಕಿಂಗರು ಹಡಗಿನ ಹಗ್ಗ ಕಟ್ಟಲು ಗೂಟ ಇಳಿಸಿದ ತೂತೇ ಎಂದು ಅವನು ತೀರ್ಮಾನಿಸಿದ. ಹಡಗು ಗೋಧಿ ಹೊಲಕ್ಕೆ ಹೇಗೆ ಬಂತು ಎಂದರೆ, “ಆಗ ಇಲ್ಲೆಲ್ಲ ನೀರಿತ್ತು” ಎನ್ನುತ್ತಿದ್ದ. ಬಂಡೆಯ ಪಕ್ಕ ಫಲಕ ನೆಡಲು ಅಪ್ಪಣೆ ಕೇಳಲು ಅತ್ತೆಯ ಮನೆಗೆ ಬಂದ.

“ಬೇಡ ಸೆಲ್ಮರ್,” ಎಂದಳು ಅತ್ತೆ.

ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಗಳ ಮುಂದೆಯೇ ಮತ್ತೆ ಕೇಳಿದ.

“ಬೇಡ ಅಂದೆನಲ್ಲ.”

ಸೆಲ್ಮರ್ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಇನ್ನೊಂದು ಸಲ ಬಾಕಿ.”

“ಸೆಲ್ಮರ್, ಅತ್ತೆ ನಿಜವಾಗ್ಲೂ ಬೇಡ ಅಂದಂಗಿದೆ ಕಣೋ.”

“ನಿಮ್ಮತ್ತೆ ಮದುವೆಗೂ ಹಂಗೇ ಅಂದೋಳು. ಮೂರನೇದನ್ನ ಎಲ್ಲರ ಮುಂದೆ, ಮರ್ಯಾದೆಯಾಗಿ ಕೇಳ್ತೀನಿ ಬಿಡು.”

ಹೀಗೆ, ಕಾಫಿಗೆ ಅನ್ವಯಿಸುವ ನ್ಯಾಯವನ್ನು ಕಲ್ಲಿಗೂ ಅನ್ವಯಿಸಿ ಇಡೀ ಊರು ಫಲಕ ಬರೆಸಿತು. ಕೊಲಂಬಸ್ ಬಂದ ದಿನವೆಂದು ದೇಶವೆಲ್ಲ ರಜೆ ಹಾಕುವ ದಿನವನ್ನೇ ಬೇಕೆಂದು ಗೊತ್ತು ಮಾಡಿದರು. ಹೊಟ್ಟೆ ಉರಿಯಲಿ ಎಂದು ಪ್ರೊಫೆಸರಿಗೂ ಆಹ್ವಾನ ಹೋಯಿತು.

ಆ ದಿನ ಬೆಳಿಗ್ಗೆ ನಾನು ಅತ್ತೆಯನ್ನು ಕರೆಯಲು ಹೋದೆ. ಅವಳು ಆಗಲೇ ಒಳ್ಳೆಯ ಕೋಟು ತೆಗೆದು ಕುರ್ಚಿಯ ಮೇಲಿಟ್ಟಿದ್ದಳು. “ಹಲಗೆ ಮೇಲೆ ಏನು ಬರ್ಸಿದಾನೆ?” ಎಂದಳು.

“ಆರುನೂರು ವರ್ಷದ ಹಿಂದೆ ನಾರ್ವೆಯ ನಾವಿಕರು ಹಡಗಿನ ಹಗ್ಗ ಕಟ್ಟೋಕೆ ಕೊರೆದ ತೂತು ಅಂತ.”

“ನಾವಿಕರು ಕೊರೆದರು ಅಂತಲೇ ಬರ್ಸಿದಾನಾ?”

“ಹೂಂ.”

ಅತ್ತೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. ಕೊಕ್ಕೆ ಹೆಬ್ಬೆರಳಿನಿಂದ ಆ ಕೆಲಸ ನಿಧಾನ. “ನಡಿ,” ಎಂದಳು.

ಹೊಲದಲ್ಲಿ ಜನ ಕಿಕ್ಕಿರಿದಿದ್ದರು. ಶಾಲೆಯ ವಾದ್ಯದವರು ಬಂದಿದ್ದರು. ಬಂಡೆಯ ಪಕ್ಕದ ಫಲಕಕ್ಕೆ ಬಿಳಿಬಟ್ಟೆ ಹೊದಿಸಿದ್ದರು. ಸೆಲ್ಮರ್ ಕುತ್ತಿಗೆಗೆ ಟೈ ಬಿಗಿದುಕೊಂಡು, ಸತ್ಯ ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ ಎಂದು ಭಾಷಣ ಮಾಡಿದ. ಆಮೇಲೆ ಅತ್ತೆಯ ಕಡೆ ಕೈ ಚಾಚಿದ. “ರಾಗ್ನಾ, ನೀನೇ ಬಂದು ಬಟ್ಟೆ ಎಳಿ.”

“ಬೇಡ.”

ಜನ ಮುಗುಳ್ನಕ್ಕರು. ಎಷ್ಟು ಮರ್ಯಾದಸ್ಥೆ ನೋಡಿ ಎಂಬ ನಗು ಅದು.

“ಬಾ ರಾಗ್ನಾ, ನಿನ್ನ ಹೊಲ, ನಿನ್ನ ಕಲ್ಲು.”

“ನನ್ನ ಕಲ್ಲು ಅಂತಲೇ ಬೇಡ ಅಂತಿರೋದು. ಮೊದಲೂ ಅಂದೆ, ಆಮೇಲೂ ಅಂದೆ, ಈಗಲೂ ಅಂತೀನಿ. ಇದು ಕಾಫಿ ಅಲ್ಲ ಸೆಲ್ಮರ್.”

ವಾದ್ಯದವರು ಕೊಳಲು ಕೆಳಗಿಳಿಸಿದರು. ಅತ್ತೆ ಬಂಡೆಯ ಹತ್ತಿರ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಈ ತೂತು ಕೊರೆದೋನು ನಮ್ಮಪ್ಪ. ಚಮ್ಮಟಿಗೆ ಅವನ ಕೈಲಿ, ಉಳಿ ನನ್ನ ಕೈಲಿ. ಒಂದೊಂದು ಏಟಿಗೂ ಉಳೀನ ಒಂಚೂರು ತಿರುಗಿಸ್ಬೇಕು. ನನ್ನದು ಮಗು ಕೈ, ಸೋತು ಸೋತು ಸಮ ತಿರುಗ್ಲಿಲ್ಲ. ಅದಕ್ಕೇ ಮೂರು ಮೂಲೆ ಆಗಿದೆ. ಒಂದು ಸಲ ಚಮ್ಮಟಿಗೆ ಜಾರ್ತು.” ಹೆಬ್ಬೆರಳನ್ನು ಎತ್ತಿ ತೋರಿಸಿದಳು. “ನೋಡ್ಕೊಳ್ಳಿ, ಯಾವ ವೈಕಿಂಗನ ಬೆರಳು ಇದು ಅಂತ.”

ಮುಂದೆ ನಿಂತವರು ಬಗ್ಗಿ ತೂತನ್ನು ನೋಡಿದರು.

“ಸಿಡಿಮದ್ದು ತುಂಬಿ ಒಡೆಯೋಣ ಅಂತ ಕೊರೆದ. ನಿಮ್ಮ ಅಜ್ಜಂದಿರೂ ಹಂಗೇ ಕೊರೆದ್ರು, ಒಡೆದ್ರು. ನಿಮ್ಮ ಕೊಟ್ಟಿಗೆಗಳೆಲ್ಲ ಆ ಕಲ್ಲಿನ ಮೇಲೇ ನಿಂತಿವೆ. ಅಜ್ಜನ ಬೆವರು ಮರೆತು ಹಡಗು ನೆನೆಸ್ಕೊಂಡು ಕೂತಿದೀರಲ್ಲ, ನಾಚಿಕೆ ಆಗಲ್ವಾ?”

“ಹಂಗಾದ್ರೆ ಇದನ್ನ ಯಾಕೆ ಒಡೀಲಿಲ್ಲ?” ಹಿಂದಿನಿಂದ ಯಾರೋ ಕೇಳಿದರು.

“ನಾವು ಕೊರೆಯೋವಾಗ ಅಮ್ಮ ದಿನಾ ಕಾಫಿ ತಂದು ಇದರ ಮೇಲೇ ಕೂರೋಳು. ತುಂಬಿದ ಬಸುರಿ. ತೂತು ಮುಗಿದ ವಾರವೇ ಹೆರಿಗೇಲಿ ಹೋಗ್ಬಿಟ್ಲು. ಅಪ್ಪ ಮದ್ದು ತಂದ, ಇಲ್ಲೀವರೆಗೂ ಬಂದ, ವಾಪಸ್ ಹೋದ. ‘ಅವಳು ಕೂತ ಜಾಗ ಕಣೇ’ ಅಂದ. ಅಷ್ಟೇ. ಆಮೇಲೆ ಸಾಯೋವರೆಗೂ ಸುತ್ತಿ ಉತ್ತ. ನೀವು ಸೋಮಾರಿ ಅಂದ್ರಿ.”

ಆ ಹೆರಿಗೆಯಲ್ಲಿ ಉಳಿದ ಮಗು ನನ್ನ ಅಪ್ಪ. ಅವನಿಗೂ ಇದು ಗೊತ್ತಿರಲಿಲ್ಲ.

“ಅಪ್ಪನ ಅಳೂನ ಊರಿಗೆ ಹಂಚೋದು ಬೇಡ ಅಂತ ಸುಮ್ನಿದ್ದೆ,” ಎಂದಳು ಅತ್ತೆ. “ಸೋಮಾರಿ ಅಂದಿದ್ದನ್ನೂ ನುಂಗ್ಕೊಂಡೆ. ಆದರೆ ಕೊರೆದ ಕೈಯೇ ಅವನದಲ್ಲ ಅಂತ ಹಲಗೆ ಹಾಕಿದ್ರೆ, ಅದನ್ನ ನುಂಗಲ್ಲ.”

ಆಗ ಪ್ರೊಫೆಸರ್ ಗುಂಪು ಸೀಳಿಕೊಂಡು ಮುಂದೆ ಬಂದರು. ಮುಖ ಅರಳಿತ್ತು. “ಅಮ್ಮಾವ್ರೇ, ನಾನು ಹೇಳ್ತಿದ್ದದ್ದೂ ಇದೇ! ಕಲ್ಲಿನ ಪಕ್ಕ ಹಿಂಗೇ ನಿಂತ್ಕೊಳ್ಳಿ, ಪೇಪರಿಗೆ ಒಂದು ಫೋಟೋ.”

“ನೀವು ಸುಮ್ನಿರಿ ಸ್ವಾಮಿ,” ಎಂದಳು ಅತ್ತೆ. “ಇಷ್ಟು ವರ್ಷ ನಮ್ಮೋರನ್ನ ನೋಡಿ ನಕ್ಕಿದ್ದೀರ, ಈಗ ನನ್ನ ಹೆಗಲ ಮೇಲೆ ಹತ್ತಿ ನಗೋದು ಬೇಡ. ವೈಕಿಂಗರು ಬರ್ಲಿಲ್ಲ ಅಂತ ನಾನಂದ್ನಾ? ಬಂದಿದ್ರೂ ಬಂದಿರಬಹುದು. ಸಮುದ್ರ ಕೊಲಂಬಸ್ಸನ ಅಪ್ಪಂದಲ್ಲ. ಮೊದಲು ಬಂದೋರು ಯಾರು ಅಂತ ಅಷ್ಟು ಚಪಲ ಇದ್ರೆ, ನದಿ ಆಚೆ ಈ ನೆಲದ ಮೂಲದೋರು ಡಕೋಟ ಜನ ಇದಾರೆ, ಹೋಗಿ ಕೇಳಿ. ಹೊಟ್ಟೆ ಹಿಡ್ಕೊಂಡು ನಗ್ತಾರೆ, ನಿಮ್ಮನ್ನೂ, ಸೆಲ್ಮರನ್ನೂ.”

ಪ್ರೊಫೆಸರ್ ಕ್ಯಾಮೆರಾ ಮುಚ್ಚಿದರು. ಜನ ಒಬ್ಬೊಬ್ಬರಾಗಿ ಕಾರುಗಳ ಕಡೆ ನಡೆದರು. ನೂರ್‌ಡಾಲಿನವರಿಗೆ ಜಗಳಕ್ಕಿಂತ ಹವಾಮಾನದ ಮಾತು ಸಲೀಸು. ಗಾಳಿ ಜೋರಾಯಿತಲ್ಲ ಎನ್ನುತ್ತಾ ಹೋದರು.

ಸೆಲ್ಮರ್ ಮಾತ್ರ ಉಳಿದ. ಶಾಲೆಯ ಮೂಲೆಯಲ್ಲಿ ಹೀಗೇ ನಿಂತಿದ್ದನೇನೋ. ನನಗೆ ಕನಿಕರ ಬಂತು, ಅತ್ತೆಗೆ ಬಂದ ಹಾಗೆ ಕಾಣಲಿಲ್ಲ.

“ನಮ್ಮಪ್ಪ ನಿಮ್ಮಪ್ಪನ್ನ ಸೋಮಾರಿ ಅಂತಿದ್ದ,” ಎಂದ ಕೊನೆಗೆ.

“ಅಂತಿದ್ದ. ಬೇಲಿ ಈಚೆ ನಾನಿರ್ತಿದ್ದೆ.”

ಸೆಲ್ಮರ್ ಮೊಳೆ ಕಿತ್ತು ಫಲಕವನ್ನು ಇಳಿಸಿದ. ಬಟ್ಟೆಯನ್ನು ತೆರೆಯಲೇ ಇಲ್ಲ, ಅದರಲ್ಲೇ ಸುತ್ತಿ ಗಾಡಿಗೆ ಹಾಕಿದ. ಆಮೇಲೆ ಗಾಡಿಯಿಂದ ಫ್ಲಾಸ್ಕ್ ತಂದು ಮುಚ್ಚಳಕ್ಕೆ ಕಾಫಿ ಬಗ್ಗಿಸಿದ.

“ಕಾಫಿ ಕುಡೀತೀಯಾ ರಾಗ್ನಾ?”

ಅತ್ತೆ ಬಂಡೆಯ ಮೇಲೆ ಕೂತು ಕೈ ಚಾಚಿದಳು. “ಕೊಡು,” ಎಂದಳು, ಮೊದಲ ಸಲಕ್ಕೇ. ಪೂರ್ತಿ ಕುಡಿದು ಮುಚ್ಚಳ ಹಿಂದಿರುಗಿಸಿ, “ತಣ್ಣಗಾಗಿದೆ,” ಎಂದಳು. ‘ಬೇರೆ ಥರ ಇದೆ’ ಎನ್ನಲಿಲ್ಲ.

ಅತ್ತೆ ಹೋಗಿ ಬಹಳ ಕಾಲವಾಯಿತು. ಈಗ ಆ ಹೊಲ ಉಳುವವಳು ನಾನು. ಬೇಸಿಗೆಯಲ್ಲಿ ದೂರದ ಊರುಗಳಿಂದ ಜನ ಈಗಲೂ ಬರುತ್ತಾರೆ. ವೈಕಿಂಗರ ಕಲ್ಲು ಇದೇನಾ ಎಂದು ಕೇಳುತ್ತಾರೆ. ಅಲ್ಲ ಎನ್ನುತ್ತೇನೆ. ಹಳ್ಳಿಯವಳ ಸಂಕೋಚ ಎಂದುಕೊಂಡು ನಕ್ಕು ಮತ್ತೊಮ್ಮೆ ಕೇಳುತ್ತಾರೆ. ಅಲ್ಲ ಎನ್ನುತ್ತೇನೆ. ಮೂರನೇ ಸಲ ಕೇಳಿದವರಿಗೆ ಟ್ರ್ಯಾಕ್ಟರ್ ನಿಲ್ಲಿಸಿ, ಕೆಳಗಿಳಿದು ಹೇಳುತ್ತೇನೆ. ಕೊರೆದವನು ನನ್ನಜ್ಜ, ಉಳಿ ಹಿಡಿದವಳು ನನ್ನತ್ತೆ, ಕೂತವಳು ನನ್ನಜ್ಜಿ, ದಾರಿ ಬಿಡಿ, ನಾನು ಸುತ್ತಿ ಉಳಬೇಕು.