ರಷ್ಯನ್ ಚಿತ್ರ ಮತ್ತು ಕೋಣೆ ಬದಲಿಸುವ ಅರ್ಜಿ

ಇದು ನಡೆದದ್ದು 2014ರಲ್ಲಿ, ಸೌದಿಯ ರಾಸ್ ತನೂರಾದಲ್ಲಿ ನಾನು ಪ್ರಯೋಗಾಲಯದ ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಕ್ಯಾಂಪಿನ ಕೋಣೆಯಲ್ಲಿ ನನ್ನ ಜೊತೆಗಿದ್ದವರು ಸುಡಾನಿನ ಉಸ್ಮಾನ್, ಐವತ್ತು ದಾಟಿದವರು. ಅವರ ಕಪ್ಪು ಬಣ್ಣ ನೋಡಿಯೇ ನಾನು ಕೋಣೆ ಬದಲಿಸಲು ಅರ್ಜಿ ಬರೆಯಹೊರಟೆ.

"ಬಣ್ಣ ಅಂತ ಬರೀಲಿಕ್ಕೆ ಆಗ್ತದಾ ಮಾರಾಯ? ಊಟ ಹೊಂದುದಿಲ್ಲ ಅಂತ ಬರಿ," ಎಂದ ಉಡುಪಿಯ ಗೆಳೆಯ. ಹಾಗೇ ಬರೆದು ಕಚೇರಿಗೆ ಕೊಟ್ಟೆ.

ಶುಕ್ರವಾರ ಮಧ್ಯಾಹ್ನ ಉಸ್ಮಾನ್ ಲ್ಯಾಪ್‌ಟಾಪಿನಲ್ಲಿ ಮೂವತ್ತರ ದಶಕದ ಒಂದು ಸೋವಿಯತ್ ಸಂಗೀತ ಚಿತ್ರ ಹಾಕಿ ನನ್ನನ್ನೂ ಕರೆದರು. ಬಿಳಿಯ ತಾಯಿಯೊಬ್ಬಳ ಕಪ್ಪು ಮಗುವನ್ನು ಜನರೆಲ್ಲ ಕೈಯಿಂದ ಕೈಗೆ ದಾಟಿಸುತ್ತ ಜೋಗುಳ ಹಾಡುತ್ತಿದ್ದರು.

"ಮಾಸ್ಕೋದಲ್ಲಿ ಓದುವಾಗ ಇದನ್ನು ಹಾಸ್ಟೆಲಿನಲ್ಲಿ ತೋರಿಸಿದ್ದರು," ಎಂದರು, ಕ್ಯಾಂಪಿನಲ್ಲಿ ಕಲಿತ ಹಿಂದಿಯಲ್ಲಿ. "ನೋಡಿದವರೆಲ್ಲ ಅತ್ತರು. ಮರುದಿನ ಟ್ರಾಮಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು."

ನಾನು ನಕ್ಕೆ. ಆಗ ಅವರು ಚಿತ್ರ ನಿಲ್ಲಿಸಿ, ದಿಂಬಿನಡಿಯಿಂದ ನನ್ನ ಅರ್ಜಿ ತೆಗೆದರು. ಕ್ಯಾಂಪಿನ ಅರ್ಜಿಗಳನ್ನು ಅರಬಿಗೆ ಅನುವಾದಿಸುವವರು ಅವರೇ ಎಂದು ನನಗೆ ಗೊತ್ತಿರಲಿಲ್ಲ.

"ನೀನೂ ಅನ್ನ-ಮೀನು ತಿನ್ನುತ್ತೀ, ನಾನೂ ಅದನ್ನೇ ತಿನ್ನುತ್ತೇನೆ. ನಿಜವಾದ ಕಾರಣ ಹೇಳು ಬೇಟಾ, ಅದನ್ನೇ ಅರಬಿಯಲ್ಲಿ ಬರೆಯುತ್ತೇನೆ."

ನಾನು ಅರ್ಜಿ ವಾಪಸು ಕೇಳಿದೆ. ಅವರು ಅದನ್ನು ಕೊಟ್ಟು, ಚಿತ್ರ ಮುಂದುವರಿಸಿದರು. ಕಚೇರಿಯಲ್ಲಿ ಹೇಳಲಿಲ್ಲ, ನನ್ನೆದುರೂ ಮತ್ತೆ ಆ ಮಾತೆತ್ತಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ಕೋಣೆ ಬದಲಿಸಲು ಸರಿಯಾದ ಕಾರಣ ನನಗೆ ಆಮೇಲೆ ಸಿಕ್ಕಿತು: ಅವರ ಗೊರಕೆ. ಆದರೂ ನಾವು ಆ ಕೋಣೆಯಲ್ಲಿ ಒಟ್ಟಿಗಿದ್ದದ್ದು ಮೂರು ವರ್ಷ ಎರಡು ತಿಂಗಳು.