ಪಬ್ಬಿನ ಅಂಗಳದಲ್ಲಿ ಏಳು ವಾರ

ಹೈದರಾಬಾದಿನಲ್ಲಿ ನಾನು ಮೊದಲ ಕೆಲಸಕ್ಕೆ ಸೇರಿದ ವರ್ಷ, ಏಳು ವಾರಗಳ ಕಾಲ ಅಪ್ಪ, ಅವ್ವ, ನಾನು ಮೂವರೂ ಒಂದು ಪಬ್ಬಿನ ಪಾರ್ಕಿಂಗ್ ಜಾಗದಲ್ಲಿ ವ್ಯಾನು ನಿಲ್ಲಿಸಿಕೊಂಡು ಅದರಲ್ಲೇ ಮಲಗುತ್ತಿದ್ದೆವು. ಇದನ್ನು ನನ್ನ ಗಂಡನಿಗೆ ಹೇಳಲು ಮದುವೆಯಾಗಿ ನಾಲ್ಕು ವರ್ಷ ಬೇಕಾಯಿತು. ಅವನು ಕೇಳಿ ನಕ್ಕ. ಎಷ್ಟು ಮಜಾ ಇತ್ತಲ್ಲ ಎಂದ. ಇತ್ತು, ನಿಜ. ಅಪ್ಪನಿಗೆ ಇತ್ತು, ಕೆಲವೇ ದಿನಗಳಲ್ಲಿ ಅವ್ವನಿಗೂ ಇತ್ತು. ನಾನು ಹೇಳಬೇಕಾದ್ದು ಬೇರೆಯೇ ಆಗಿತ್ತು. ಅದನ್ನು ಅವತ್ತೂ ಹೇಳಲಿಲ್ಲ.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ಅಪ್ಪ ಕುಷಾಯಿಗೂಡದ ಕಡೆ ಒಂದು ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ನಿವೃತ್ತಿಗೆ ಒಂದು ವರ್ಷವಿದ್ದಾಗ ಅಪ್ಪ ಹರಾಜಿನಲ್ಲಿ ಒಂದು ಹಳೆಯ ವ್ಯಾನು ಕೊಂಡು ತಂದರು. ರಜೆಯ ದಿನಗಳಲ್ಲೆಲ್ಲ ಅದರೊಳಗೆ ಕೂತು ಬಡಿಯುವುದು, ಕೊರೆಯುವುದು. ಎರಡು ಕಡೆ ಹಲಗೆಯ ಮಂಚ, ನಡುವೆ ಮಡಚುವ ಮಂಚ ಇನ್ನೊಂದು, ಹಿಂದೆ ಒಲೆ, ನೀರಿನ ಡ್ರಮ್ಮು, ಕಿಟಕಿಗಳಿಗೆ ಅವ್ವನ ಹಳೆಯ ಇಳಕಲ್ ಸೀರೆಯ ಪರದೆ. ಅವ್ವನನ್ನು ಅದರಲ್ಲಿ ಕಾಶಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು. ಕಾಶಿಗಿಂತ ಮೊದಲು ಅದು ನಮ್ಮ ಮನೆಯೇ ಆಗಬೇಕಾಯಿತು.

ನನಗೆ ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ನನಗೆ ಹತ್ತಿರವಾಗಲೆಂದು ಅಪ್ಪ ಕೊಂಡಾಪುರದಲ್ಲಿ ಕಟ್ಟುತ್ತಿದ್ದ ಫ್ಲ್ಯಾಟೊಂದನ್ನು ಕೊಂಡಿದ್ದರು. ಆಗ ಆ ಕಡೆ ಬಂಡೆ ಸಿಡಿಸುವ ಸದ್ದು, ಸಿಮೆಂಟಿನ ಲಾರಿ ಇಷ್ಟೇ. ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವ ದಿನ ಬಂತು, ಫ್ಲ್ಯಾಟಿಗೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ. ಸಾಮಾನನ್ನೆಲ್ಲ ನಾರಾಯಣಗೂಡದಲ್ಲಿದ್ದ ಕಾಕಾನ ಮನೆಯ ಮಾಳಿಗೆಯಲ್ಲಿ ಇಟ್ಟೆವು. ಕಾಕಾ ತಮ್ಮಲ್ಲೇ ಇರಿ ಎಂದು ಜುಲುಮೆ ಮಾಡಿದರು. ಅಪ್ಪ ಒಪ್ಪಲಿಲ್ಲ.

"ನಾವು ಇಲ್ಲಿ ಕುಂತ್ರ ಅಲ್ಲಿ ಬಿಲ್ಡರ್ ಮಲಗತಾನ. ದಿನಾ ಅವನ ಕಣ್ಣ ಮುಂದ ನಿಂತ್ರನ ಕೆಲಸ ಆಗೂದು. ಗಾಲಿ ಮ್ಯಾಲಿನ ಮನಿ ಐತಿ, ಮೂರು ವಾರದ ಮಾತು," ಎಂದರು.

ಮೊದಲ ರಾತ್ರಿ ಕೆರೆಯ ಪಕ್ಕ ನಿಲ್ಲಿಸಿದೆವು. ಪೊಲೀಸರು ಬಂದು ತಗಡು ಬಡಿದು ಎಬ್ಬಿಸಿದರು. ಮರುದಿನ ಒಂದು ಗುಡಿಯ ಮುಂದೆ. ಬೆಳಗಾಗುತ್ತಲೇ ಕಮಿಟಿಯವರು ಬಂದು, ಇಲ್ಲಿ ಸಂಸಾರ ಹೂಡಬೇಡಿ ಎಂದರು. ಮೂರನೆಯ ಸಂಜೆ ಅಪ್ಪ ಬರೀ ನೀರು ಕೇಳಲೆಂದು ಆ ಅಂಗಳಕ್ಕೆ ವ್ಯಾನು ತಿರುಗಿಸಿದರು. ಕೆಳಗೆ ಬಾರು, ಮೇಲೆ ಫ್ಯಾಮಿಲಿ ರೆಸ್ಟೋರೆಂಟು. ಸಾಫ್ಟ್‌ವೇರ್ ಜನ ಬರತೊಡಗಿದ ಮೇಲೆ ಮಾಲೀಕರು ಹಳೆಯ ಬೋರ್ಡು ತೆಗೆಸಿ ಹೊಸದಾಗಿ 'ಪಬ್' ಎಂದು ಬರೆಸಿದ್ದರು. ಒಳಗೆ ಮಾತ್ರ ಅದೇ ರೆಕ್ಸಿನ್ ಕುರ್ಚಿಗಳು.

ಅವ್ವ ಬೋರ್ಡು ನೋಡಿ ಸಿಡಿದಳು. "ಇದು ಸೆರೆ ಅಂಗಡಿ ಐತಿ! ಇಲ್ಲ್ಯಾಕ ನಿಲ್ಲಸೀರಿ? ಮನ್ಯಾಗ ಹರೇದ ಹುಡುಗಿ ಐತಿ ಅನ್ನೂ ಖಬರ್ ಐತೋ ಇಲ್ಲೋ?"

ಹೊರಗೆ ನಿಂತಿದ್ದ ಮ್ಯಾನೇಜರ್ ಕಿಟಕಿಯ ಹತ್ತಿರ ಬಂದು ಕೈಮುಗಿದರು. ನಲವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. "ಸೆರೆ ಅಂಗಡಿ ಖರೇ ಅಕ್ಕಾರ. ಆದ್ರ ನೀರು ಛಲೋ ಅದ. ಇಳೀರಿ, ಚಹಾ ಕುಡೀರಿ."

ಅವರು ಬೀದರ ಜಿಲ್ಲೆಯ ಹುಮನಾಬಾದಿನ ಹತ್ತಿರದ ಹಳ್ಳಿಯವರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಹನ್ನೆರಡು ವರ್ಷಗಳಿಂದ ಹೈದರಾಬಾದಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದರು. ಅಪ್ಪನ ಕಥೆ ಕೇಳಿದ ಮೇಲೆ, ಮೂಲೆಯಲ್ಲಿ ಬೇವಿನ ಮರದ ಕೆಳಗೆ ಜಾಗ ತೋರಿಸಿದರು. ಹಗಲು ಗಿರಾಕಿಗಳು ಬರುವ ಮೊದಲು ಗಾಡಿ ತೆಗೆಯಬೇಕು, ಸಂಜೆ ಬರಬೇಕು, ಹಿಂದಿನ ನಲ್ಲಿ, ಬಚ್ಚಲು ಬಳಸಬಹುದು. "ಮಾಲಕರಿಗೆ ನಾ ಹೇಳ್ತೀನ್ರಿ" ಎಂದರು. ಹೇಳಿದರೋ, ತಾವೇ ಹೊಣೆ ಹೊತ್ತರೋ ಗೊತ್ತಾಗಲಿಲ್ಲ.

ಆ ರಾತ್ರಿ ಅವರು ಕಳಿಸಿದ ಊಟವನ್ನು ಅವ್ವ ಮುಟ್ಟಲಿಲ್ಲ. "ಆ ಅಡಿಗಿ ಮನ್ಯಾಗ ಏನೇನು ಬೇಯಸ್ತಾರೋ" ಎಂದು ತಟ್ಟೆಯನ್ನು ಹಾಗೇ ವಾಪಸು ಕಳಿಸಿದಳು. ಮ್ಯಾನೇಜರ್ ಏನೂ ಅಂದುಕೊಳ್ಳದೆ, ಮರುದಿನದಿಂದ ಹೊರಗಿನ ಡೇರಿಯ ಮೊಸರು ತರಿಸಿ ಕೊಡತೊಡಗಿದರು. ವಾರದೊಳಗೆ ಅವ್ವ ತನ್ನ ಒಲೆಯಲ್ಲಿ ಜೋಳದ ರೊಟ್ಟಿ ಬಡಿದು ಅವರಿಗೂ, ಪಬ್ಬಿನ ಮುದುಕ ಅಡಿಗೆಯವರಿಗೂ ಕಳಿಸುತ್ತಿದ್ದಳು. ಮ್ಯಾನೇಜರರನ್ನು ತಮ್ಮಾ ಎನ್ನುತ್ತಿದ್ದಳು. ಅವರು ನನ್ನನ್ನು ತಂಗೆವ್ವಾ ಎನ್ನುತ್ತಿದ್ದರು.

ನಾನು ಮಾತ್ರ ಆ ಅಂಗಳದಲ್ಲಿ ಉಸಿರು ಬಿಗಿಹಿಡಿದೇ ಇದ್ದೆ. ಕಂಪನಿಯಲ್ಲಿ ಎಲ್ಲರೂ ಹೊಸಬರು, ಎಲ್ಲರೂ ಎಲ್ಲಿರುತ್ತೀರಿ ಎಂದು ಕೇಳುವವರು. ಪಬ್ಬಿನ ಪಕ್ಕದಲ್ಲಿ ಒಂದು ಹೊಸ ಅಪಾರ್ಟ್‌ಮೆಂಟು ಇತ್ತು, ಗೇಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ನಾನು ಅದರ ಹೆಸರು ಹೇಳಿದೆ. ಮೂರನೇ ಮಹಡಿ ಎಂದೆ. ಕಂಪನಿಯ ಗಾಡಿ ಬೆಳಿಗ್ಗೆ ಆ ಗೇಟಿನ ಮುಂದಿನಿಂದ ನನ್ನನ್ನು ಹತ್ತಿಸಿಕೊಳ್ಳುತ್ತಿತ್ತು, ಸಂಜೆ ಅಲ್ಲೇ ಇಳಿಸುತ್ತಿತ್ತು. ನಾನು ಒಳಗೆ ಹೋಗಿ, ಗಾಡಿ ಮರೆಯಾಗುವವರೆಗೆ ಲಿಫ್ಟಿನ ಹತ್ತಿರ ನಿಂತು, ಹಿಂದಿನ ಕಾಂಪೌಂಡಿನಲ್ಲಿ ಇನ್ನೂ ಕಟ್ಟದೆ ಬಿಟ್ಟಿದ್ದ ಸಂದಿಯಿಂದ ಪಬ್ಬಿನ ಅಂಗಳಕ್ಕೆ ದಾಟುತ್ತಿದ್ದೆ. ಅಲ್ಲಿನ ವಾಚ್‌ಮನ್ ನೋಡುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಅವನು ಕೇಳದಿದ್ದದ್ದಕ್ಕೂ ನನಗೆ ನಾಚಿಕೆಯಾಗುತ್ತಿತ್ತು.

ಐದನೆಯ ವಾರ ನಮ್ಮ ಟೀಮಿನ ಕೆಲಸವೊಂದು ಮುಗಿಯಿತು. ಟೀಮ್ ಲೀಡ್ ಊಟ ಕೊಡಿಸುತ್ತೇನೆಂದರು. ಎಲ್ಲಿ ಎಂದು ಚರ್ಚೆಯಾಗಿ, ಹೊಸ ಪಬ್ ಆಗಿದೆಯಂತೆ, ಅಲ್ಲಿಗೇ ಹೋಗೋಣ ಎಂದಾಯಿತು. ನಾನು ತಲೆನೋವು ಎಂದೆ.

"ನಿನ್ನ ಮನೆ ಅದರ ಪಕ್ಕದಲ್ಲೇ ಅಲ್ವಾ? ನೀನೇ ತಪ್ಪಿಸಿಕೊಂಡರೆ ಹೇಗೆ?" ಎಂದು ಲೀಡ್ ನಕ್ಕರು. ನನ್ನ ಸುಳ್ಳು ನನ್ನನ್ನೇ ಕಟ್ಟಿಹಾಕಿತು.

ನಾವು ಆರು ಜನ ಎರಡು ಕಾರುಗಳಲ್ಲಿ ಹೋದಾಗ ಇನ್ನೂ ಬೆಳಕಿತ್ತು. ಅವತ್ತು ಶುಕ್ರವಾರ, ಅಂಗಳ ತುಂಬಿತ್ತು. ಲೀಡ್ ಕೊಂಡು ತಿಂಗಳೂ ಆಗಿರದ ಕಾರಿಗೆ ಜಾಗ ಹುಡುಕುತ್ತ ನೇರ ಬೇವಿನ ಮರದ ಕಡೆಗೇ ಹೋದರು. ವ್ಯಾನು ಸ್ವಲ್ಪ ಹಿಂದೆ ಸರಿದರೆ ಕಾರು ಹಿಡಿಸುತ್ತಿತ್ತು. ನಾವೆಲ್ಲ ಇಳಿದೆವು. ಅವ್ವ ವ್ಯಾನಿನ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ನನ್ನ ಜೊತೆಯವರನ್ನು ನೋಡಿ ಇನ್ನೂ ಅರಳಿತು. ಮೊರ ಬದಿಗಿಟ್ಟು, ಸೆರಗು ಸರಿಪಡಿಸಿಕೊಂಡು ಏಳುತ್ತ, "ಬರ್ರಿ, ಬರ್ರಿ..." ಎಂದಳು.

ನಾನು ಮುಖ ತಿರುಗಿಸಿ ಪಬ್ಬಿನ ಬೋರ್ಡನ್ನು ಓದತೊಡಗಿದೆ.

ಅವ್ವ ಅರ್ಧ ಎದ್ದವಳು ಮತ್ತೆ ಕೂತಳು. ಅದನ್ನು ನಾನು ನೋಡಲಿಲ್ಲ. ಹಲಗೆ ಕಿರುಗುಟ್ಟಿದ್ದು ಕೇಳಿಸಿತು.

ಲೀಡ್ ವ್ಯಾನಿನ ತಗಡು ತಟ್ಟಿ ಹಿಂದಿಯಲ್ಲಿ, "ಭಾಯಿಸಾಬ್, ಗಾಡಿ ಜರಾ ಪೀಛೇ ಲೀಜಿಯೇ" ಎಂದರು. ಅಪ್ಪ ಬನಿಯನ್ನಿನಲ್ಲೇ ಹೊರಗೆ ಬಂದರು. ಅರ್ಧ ಗಡ್ಡ ಹೆರೆದಿತ್ತು, ಇನ್ನರ್ಧಕ್ಕೆ ಸೋಪು ಮೆತ್ತಿತ್ತು. ಲೀಡ್ ಕಡೆ ನೋಡಿದರು, ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು. "ಜೀ ಸರ್" ಎಂದು ಚಾಲಕನ ಸೀಟಿಗೆ ಹೋಗಿ ಕೂತರು. ನಾನು ವ್ಯಾನಿನ ಹಿಂದಕ್ಕೆ ಅಡ್ಡವಾಗಿ ನಿಂತಿದ್ದೆನೆಂಬುದು ನನಗೆ ತಿಳಿದೇ ಇರಲಿಲ್ಲ. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, ತೆಲುಗಿನಲ್ಲಿ ಹೇಳಿದರು: "ಮೇಡಂ, ಕೊಂಚೆಂ ಪಕ್ಕಕು ಜರಗಂಡಿ."

ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಮೇಡಂ. ನಾನು ಸರಿದೆ.

ಮೆಟ್ಟಿಲು ಹತ್ತುವಾಗ ನನ್ನ ಪಕ್ಕದ ಸೀಟಿನ ಹುಡುಗಿ ಕೇಳಿದಳು, "ಆ ಹೆಂಗಸು ಏನೋ ಕನ್ನಡ ಮಾತಾಡಿದ ಹಾಗಿತ್ತು. ನಿಮ್ಮ ಕಡೆಯವರಾ?"

"ಅಲ್ಲ, ಮರಾಠಿ ಇರಬೇಕು," ಎಂದೆ.

ಮೇಲೆ ಆರ್ಡರು ತೆಗೆದುಕೊಳ್ಳಲು ಮ್ಯಾನೇಜರೇ ಬಂದರು. ನನ್ನನ್ನು ಕಂಡು "ಏನ ತಂ..." ಎಂದು ಶುರು ಮಾಡಿದರು. ನಾನು ಮೆನು ಕಾರ್ಡಿನಲ್ಲಿ ಮುಖ ಹುದುಗಿಸಿದೆ. ಅವರು ಕೈಯಲ್ಲಿದ್ದ ಆರ್ಡರ್ ಪುಸ್ತಕ ತೆರೆದು, ಹಿಂದಿಯಲ್ಲಿ ಕೇಳಿದರು, ಮೇಡಂ ನಿಮಗೆ ಏನು ತರಲಿ ಎಂದು. ಅವತ್ತು ಎರಡನೆಯ ಸಲ ನನ್ನವರೇ ನನ್ನನ್ನು ಮೇಡಂ ಎಂದರು. ಇಬ್ಬರೂ ನನ್ನ ಮಾನ ಉಳಿಸಲೆಂದೇ ಅಂದರು.

ಊಟವಾದ ಮೇಲೆ ಅಪಾರ್ಟ್‌ಮೆಂಟಿನ ಗೇಟಿನವರೆಗೂ ಅವರೆಲ್ಲ ನಡೆದು ಬಂದು ಕೈಬೀಸಿ ಹೋದರು. ಸಂದಿಯಿಂದ ದಾಟಿ ವ್ಯಾನಿನೊಳಗೆ ಬಂದಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ. ಬೈದರೆ ಸಾಕು ಎನಿಸಿತ್ತು.

"ಊಟ ಆತೇನವಾ?" ಎಂದಳು ಅವ್ವ, ಹಾಸಿಗೆ ಬಿಡಿಸುತ್ತ.

ಅಪ್ಪ ರೇಡಿಯೋದ ಕಿವಿ ತಿರುವುತ್ತ ಹೇಳಿದರು, "ನಿಮ್ಮ ಸಾಹೇಬರ ಗಾಡಿ ಛಲೋ ಐತಿ. ಇಂಜಿನ್ ಆವಾಜೇ ಇಲ್ಲ ನೋಡು."

ಬೆಳಿಗ್ಗೆ ನಲ್ಲಿಯ ಹತ್ತಿರ ಅಪ್ಪ ಒಬ್ಬರೇ ಸಿಕ್ಕಾಗ, "ಅಪ್ಪಾ, ನಿನ್ನಿ ನಾ..." ಎಂದು ಆರಂಭಿಸಿದೆ. "ಆ ಬಕೀಟು ಹಿಡಿ" ಎಂದರು. ಹಿಡಿದೆ. ಇನ್ನೊಮ್ಮೆ ಶುರುಮಾಡುವ ಧೈರ್ಯ ಬರಲಿಲ್ಲ. ಅಂದಿನಿಂದ ಅಪ್ಪ ವ್ಯಾನನ್ನು ಬೇವಿನ ಮರದ ಕೆಳಗೆ ನಿಲ್ಲಿಸಲಿಲ್ಲ. ಜನರೇಟರ್ ಕೋಣೆಯ ಹಿಂದೆ, ರಸ್ತೆಗೆ ಕಾಣದ ಕಡೆ ಒಯ್ದರು. ಅಲ್ಲಿ ಗಾಳಿ ಇರಲಿಲ್ಲ, ಸದ್ದು ಕಿವಿ ಕೊರೆಯುತ್ತಿತ್ತು. ಯಾಕೆ ಎಂದು ಮ್ಯಾನೇಜರ್ ಕೇಳಿದಾಗ, ಮರದ ಅಂಟು ಗಾಡಿಯ ಮೇಲೆ ಬೀಳುತ್ತದೆ ಎಂದರು. ಬೇವಿನ ಮರ ಅಷ್ಟು ಅಂಟು ಸುರಿಸುವುದನ್ನು ನಾನಂತೂ ನೋಡಿಲ್ಲ.

ಇಷ್ಟೇ ಆಗಿದ್ದರೆ ನಾನು ಹೇಗೋ ನನ್ನನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಇಪ್ಪತ್ತೆರಡರ ವಯಸ್ಸು, ಗಾಬರಿ, ಒಂದು ಕ್ಷಣದ ಮಾತು ಎಂದು. ಮುಂದಿನದು ಒಂದು ಕ್ಷಣದ್ದಲ್ಲ.

ಏಳನೆಯ ವಾರದ ಕೊನೆಗೆ ಫ್ಲ್ಯಾಟು ಕೈಗೆ ಬಂತು. ಪಬ್ಬಿನ ಅಂಗಳ ಬಿಟ್ಟು, ಗೃಹಪ್ರವೇಶದವರೆಗೆ ಕಾಕಾನ ಮನೆಗೆ ಹೋದೆವು. ಗೃಹಪ್ರವೇಶದ ಕಾರ್ಡುಗಳು ಬಂದಾಗ ಅವ್ವ ಮೊದಲನೆಯದಕ್ಕೆ ಅರಿಶಿಣ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟಳು.

"ಇದು ನನ್ನ ತಮ್ಮಗ. ನಾವು ಸಾಮಾನು ಸಾಗಸೂದ್ರಾಗ ಅದೀವಿ, ನಿನಗ ಆಫೀಸಿಂದ ಹತ್ರ ಆಗತೈತಿ. ನೀನ ಕೈಯಾರೆ ಕೊಟ್ಟು, ಬರಲಿಕ್ಕೇ ಬೇಕಂತ ಹೇಳಿ ಬಾ."

ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋಗುತ್ತಿದ್ದೇವೆ ಎಂದು ಹೇಳಿ, ಅದೇ ದಿನಕ್ಕೆ ನಾನು ಟೀಮಿನವರನ್ನೂ ಕರೆದಿದ್ದೆ. ಅವರು ಬರುವಲ್ಲಿಗೆ ಮ್ಯಾನೇಜರೂ ಬಂದರೆ? ಎಲ್ಲರ ಮುಂದೆ ಅವ್ವನನ್ನು ಅಕ್ಕಾರ ಎಂದರೆ? ಕಾರ್ಡನ್ನು ಆಫೀಸಿನ ಡ್ರಾಯರಿನಲ್ಲಿ ಹಾಕಿದೆ. ಮೊದಲ ದಿನ ನಾಳೆ ಕೊಡುತ್ತೇನೆ ಎಂದುಕೊಂಡೆ. ಎರಡನೆಯ ದಿನದಿಂದ ಅಂದುಕೊಳ್ಳುವುದನ್ನೂ ಬಿಟ್ಟೆ. ಅವ್ವ ಕೇಳಿದಾಗ "ಕೊಟ್ಟೀನಿ, ಬರ್ತೀನಂದಾರ" ಎಂದೆ.

ಗೃಹಪ್ರವೇಶದ ದಿನ ಅಪ್ಪ ರೇಷ್ಮೆ ಧೋತರ ಉಟ್ಟು ತಲೆಗೆ ಪಟಗಾ ಸುತ್ತಿದ್ದರು. ಟೀಮ್ ಲೀಡ್ ಬಂದು ಅವರ ಕಾಲುಮುಟ್ಟಿ ನಮಸ್ಕರಿಸಿದರು, ಗುರುತು ಹಿಡಿಯಲಿಲ್ಲ. ಅವ್ವನನ್ನೂ ಯಾರೂ ಗುರುತಿಸಲಿಲ್ಲ. ಅಪ್ಪ "ಆಯಿಯೇ ಸರ್" ಎಂದು ಕುರ್ಚಿ ತೋರಿಸಿದರು. ಅವ್ವ ಕೋಠಿಯ ಪೇಟೆಯಿಂದ ತಂದಿದ್ದ ಒಂದು ಅಂಗಿ ಬಟ್ಟೆ, ಮ್ಯಾನೇಜರರ ಹೆಂಡತಿಗೆಂದು ಒಂದು ಸೀರೆ ತಾಟಿನಲ್ಲಿ ತೆಗೆದಿಟ್ಟು, ಸಂಜೆಯವರೆಗೂ ಬಡಿಸುತ್ತಲೇ ಬಾಗಿಲ ಕಡೆ ನೋಡುತ್ತಿದ್ದಳು. ಕೊನೆಗೆ, "ಹೋಟೆಲ್ ಕೆಲಸ, ಪುರಸೊತ್ತು ಸಿಕ್ಕಿರಲಿಕ್ಕಿಲ್ಲ ಪಾಪ" ಎಂದು ತಾಟನ್ನು ಕಪಾಟಿನಲ್ಲಿಟ್ಟಳು.

ತಿಂಗಳು ಕಳೆಯಿತು, ಎರಡಾಯಿತು. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ ಕೈನಿಲ್ಲಿಸಿ ಹೇಳಿದಳು, "ಅಂವಾ ಯಾಕ ಬರಲಿಲ್ಲ ಗೊತ್ತಾತು ನನಗ. ಮೊದಲನೇ ದಿನ ತಾಟು ತಿರುಗಿ ಕಳಸಿದ್ನಲ್ಲ, ಅದು ಅವನ ಮನಸಿನ್ಯಾಗ ಉಳದೈತಿ. ನಂದ ತಪ್ಪು. ಹಸದು ಬಂದವರಿಗೆ ಅನ್ನ ಕಳಸಿದ್ದ ಮನಷ್ಯಾ."

ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಕಾರ್ಡು ಕೊಟ್ಟಿಲ್ಲ ಎಂದೆ. ಯಾಕೆ ಕೊಟ್ಟಿಲ್ಲ ಎಂಬುದನ್ನೂ ಹೇಳಿದೆ.

ಅವ್ವ ಹಂಚಿನ ಮೇಲಿನ ರೊಟ್ಟಿ ಕರಿದಾಗುವವರೆಗೂ ನನ್ನನ್ನೇ ನೋಡಿದಳು. "ಅವತ್ತು ನಮ್ಮನ್ನ ನೋಡಿ ಮಾರಿ ತಿರುವಿದಿ. ಹುಡುಗಿ, ಹೋಗಲಿ ಅಂದೆ. ನಾವು ಹಡದವರು, ನಮಗೇನಾಗತೈತಿ. ಆ ಮನಷ್ಯಾ ನಿನಗ ಏನು ಮಾಡಿದ್ದ?" ಎಂದಳು.

ಆ ಭಾನುವಾರ ಸೀರೆ, ಅಂಗಿ ಬಟ್ಟೆ, ಒಂದು ಡಬ್ಬಿ ಶೇಂಗಾದ ಹೋಳಿಗೆ ತೆಗೆದುಕೊಂಡು ನನ್ನನ್ನೂ ಎಳೆದುಕೊಂಡು ಹೊರಟಳು. ಪಬ್ಬಿನ ಬಾಗಿಲಿಗೆ ಕರಿ ಗಾಜು ಬಂದಿತ್ತು. ಟೈ ಕಟ್ಟಿದ ಹೊಸ ಮ್ಯಾನೇಜರ್ ಇಂಗ್ಲಿಷಿನಲ್ಲಿ, ಎಷ್ಟು ಜನಕ್ಕೆ ಟೇಬಲ್ ಬೇಕು ಎಂದು ಕೇಳಿದ. ಹಿಂದುಗಡೆಯಿಂದ ಹೋಗಿ ಮುದುಕ ಅಡಿಗೆಯವರನ್ನು ಕಂಡೆವು. ಮಾಲೀಕರಿಗೆ ಇಂಗ್ಲಿಷ್ ಬಲ್ಲವರು ಬೇಕಾಗಿತ್ತಂತೆ. ನಮ್ಮವರು ಕೆಲಸ ಬಿಟ್ಟು ಹೋಗಿ ಇಪ್ಪತ್ತು ದಿನವಾಗಿತ್ತು. ಸೊಲ್ಲಾಪುರವೋ ಪುಣೆಯೋ, ಅವರಿಗೂ ಖಾತ್ರಿ ಇರಲಿಲ್ಲ.

"ಹೋಗುವ ಮುಂಚೆ ಒಂದು ಮಧ್ಯಾಹ್ನ ನಿಮ್ಮ ಮನೆ ಹುಡುಕಲು ಹೋಗಿದ್ದ," ಎಂದು ಮುದುಕ ಹಿಂದಿಯಲ್ಲಿ ಹೇಳಿದರು. "ಅಕ್ಕನ ಮನೆ ಆಗಿರಬೇಕು, ನೋಡಿ ಬರ್ತೀನಿ ಅಂತ. ಅಲ್ಲಿ ಎಲ್ಲ ಕಟ್ಟಡವೂ ಒಂದೇ ಥರ ಅಂತೆ. ಯಾವುದು ಅಂತ ತಿಳಿಯದೆ ವಾಪಸು ಬಂದ."

ಅವ್ವ ಹೋಳಿಗೆಯ ಡಬ್ಬಿಯನ್ನು ಅವರಿಗೆ ಕೊಟ್ಟಳು. ಸೀರೆ, ಬಟ್ಟೆಯನ್ನು ಚೀಲದಲ್ಲೇ ಇಟ್ಟುಕೊಂಡಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಮುಂದೆ ಹೋಗಿ ಬೇರೆಯವರ ಪಕ್ಕ ಕೂತಳು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ, ಗ್ಯಾಸು ಮುಗಿದಿದೆ, ಫೋನು ಮಾಡಿ ಸಿಲಿಂಡರ್ ಹೇಳು ಎಂದಳು. ನಾನು ಓಡಿಹೋಗಿ ಫೋನು ಮಾಡಿದೆ.